‘ಅನುದಾನ ಇಲ್ಲ’, ‘ಲೇಔಟ್ ಹಸ್ತಾಂತರವಾಗಿಲ್ಲ’: ಊರಂಚಿನ ಬಡಾವಣೆಗೆ ರಸ್ತೆ, ಚರಂಡಿ ಕೇಳುವುದು ಹೇಗೆ?

ಪ್ರಶ್ನೆ: ನಮ್ಮದು ತಾಲ್ಲೂಕು ಕೇಂದ್ರ, 23 ವಾರ್ಡಿನ ಪುರಸಭೆ, ಜನಸಂಖ್ಯೆ 35 ಸಾವಿರದ ಆಸುಪಾಸು. ಊರಂಚಿನ ಬಡಾವಣೆಯಲ್ಲಿ ನೂರೈವತ್ತು ಮನೆಯವರಿದ್ದೇವೆ. ಬಡಾವಣೆಯಾಗಿ ಹನ್ನೆರಡು ವರ್ಷವಾಯಿತು. ರಸ್ತೆ ಮಣ್ಣಿನದು, ಚರಂಡಿ ಇಲ್ಲ, ನಲ್ಲಿ ನೀರು ಎಂಟು ದಿನಕ್ಕೊಮ್ಮೆ. ಪಾರ್ಕಿಗೆಂದು ಬಿಟ್ಟ ಜಾಗದಲ್ಲಿ ಯಾರೋ ಜಲ್ಲಿ, ಮರಳು ಸುರಿಯುತ್ತಿದ್ದಾರೆ. ಊರ ಮುಖ್ಯರಸ್ತೆಗೆ ಮಾತ್ರ ಎರಡು ಸಲ ಡಿವೈಡರ್, ಅಲಂಕಾರಿಕ ದೀಪ ಆಯಿತು. ಈಗ ಪುರಭವನಕ್ಕೆ ಪಾಯ ತೆಗೆದಿದ್ದಾರೆ. ವಾರ್ಡ್ ಸದಸ್ಯರನ್ನು ಕೇಳಿದರೆ ‘ಅನುದಾನ ಇಲ್ಲ’ ಅನ್ನುತ್ತಾರೆ. ಮುಖ್ಯಾಧಿಕಾರಿಗಳು ‘ನಿಮ್ಮ ಲೇಔಟ್ ನಮಗೆ ಹಸ್ತಾಂತರವಾಗಿಲ್ಲ’ ಅನ್ನುತ್ತಾರೆ. ಕಂದಾಯ ಮಾತ್ರ ವರ್ಷ ತಪ್ಪದೆ ಕಟ್ಟಿಸಿಕೊಳ್ಳುತ್ತಾರೆ. ಕಂದಾಯ ನಿಲ್ಲಿಸೋಣ, ಮತದಾನ ಬಹಿಷ್ಕರಿಸೋಣ ಎಂದು ನಮ್ಮಲ್ಲೇ ಕೆಲವರು ಹೇಳುತ್ತಿದ್ದಾರೆ. ಏನು ಮಾಡಬೇಕು?

ಉತ್ತರ: ನಿಮಗೆ ಸಿಕ್ಕಿರುವುದು ಎರಡು ಬೇರೆ ಬೇರೆ ಉತ್ತರ. ಸದಸ್ಯರದ್ದು ದುಡ್ಡಿನ ಮಾತು. ಮುಖ್ಯಾಧಿಕಾರಿಗಳದ್ದು ಜಾಗ ಯಾರದು ಎಂಬ ಮಾತು. ಎರಡನ್ನೂ ಬೆರೆಸಿ ‘ನಮ್ಮ ಬಡಾವಣೆಗೆ ಮೂಲಸೌಕರ್ಯ ಒದಗಿಸಬೇಕೆಂದು ಕೋರಿಕೆ’ ಎಂದು ಒಂದೇ ಅರ್ಜಿ ಬರೆದರೆ, ಅದು ಯಾವ ಶಾಖೆಯ ಕೆಲಸವೂ ಆಗದೆ ಆವಕದ ವಹಿಯಲ್ಲಿ ಒಂದು ಸಂಖ್ಯೆಯಾಗಿ ಉಳಿಯುತ್ತದೆ. ಜಾಗದ ಮಾತನ್ನು ಮೊದಲು ಇತ್ಯರ್ಥ ಮಾಡಿಕೊಳ್ಳಿ. ಅದು ಆಗದಿದ್ದರೆ ದುಡ್ಡು ಬಂದ ವರ್ಷವೂ ನಿಮ್ಮ ರಸ್ತೆಗೆ ಬರುವುದಿಲ್ಲ.

ಸಣ್ಣ ಊರುಗಳ ಅಂಚಿನಲ್ಲಿ ಮೂರು ಬಗೆಯ ಬಡಾವಣೆಗಳಿರುತ್ತವೆ. ಹೊರಗಿನಿಂದ ನೋಡಿದರೆ ಮೂರೂ ಒಂದೇ ಥರ ಕಾಣುತ್ತವೆ, ಕಡತದಲ್ಲಿ ಮೂರರ ಹಣೆಬರಹ ಬೇರೆ. ಮೊದಲನೆಯದು, ಭೂ ಪರಿವರ್ತನೆಯಾಗಿ, ಯೋಜನಾ ಪ್ರಾಧಿಕಾರದಿಂದ ನಕ್ಷೆ ಮಂಜೂರಾಗಿ, ಮಾಲೀಕರು ರಸ್ತೆ, ಚರಂಡಿ, ನೀರು, ಕರೆಂಟು ಎಲ್ಲ ಮಾಡಿ ಪುರಸಭೆಗೆ ಒಪ್ಪಿಸಿರುವ ಬಡಾವಣೆ. ಎರಡನೆಯದು, ನಕ್ಷೆ ಮಂಜೂರಾಗಿದೆ, ನಿವೇಶನ ಮಾರಾಟವೂ ಆಗಿದೆ, ಆದರೆ ಕೆಲಸ ಅರೆಬರೆಯಾಗಿ ಹಸ್ತಾಂತರ ಬಾಕಿ ಉಳಿದಿದೆ. ಮೂರನೆಯದು, ನಕ್ಷೆಯೇ ಇಲ್ಲದ ರೆವಿನ್ಯೂ ಸೈಟು: ಕೃಷಿ ಜಮೀನನ್ನು ತುಂಡು ಮಾಡಿ ಮಾರಿದ್ದು, ಅಥವಾ ಊರು ಬೆಳೆಯುವ ಮೊದಲು ಗ್ರಾಮ ಪಂಚಾಯಿತಿಯ ಖಾತೆಯಲ್ಲಿ ಮಾರಾಟವಾಗಿದ್ದು. ‘ಹಸ್ತಾಂತರವಾಗಿಲ್ಲ’ ಎಂದು ಮುಖ್ಯಾಧಿಕಾರಿಗಳು ಹೇಳಿದ್ದಾರೆಂದರೆ ನಿಮ್ಮದು ಎರಡನೆಯ ಬಗೆ ಇರಬೇಕು. ಆದರೆ ಬಾಯಿಮಾತನ್ನು ನಂಬಬೇಡಿ, ಹಿಂಬರಹ ಕೇಳಿ, ಅಂದರೆ ಅರ್ಜಿಗೆ ಕಚೇರಿ ಬರವಣಿಗೆಯಲ್ಲಿ ಕೊಡುವ ಉತ್ತರ. ‘ಬಡಾವಣೆ ಹಸ್ತಾಂತರವಾಗಿದೆಯೇ ಇಲ್ಲವೇ, ಆಗಿಲ್ಲವಾದರೆ ಕಾರಣವೇನು, ಪುರಸಭೆ ಇಲ್ಲಿಯವರೆಗೆ ಏನು ಕ್ರಮ ಕೈಗೊಂಡಿದೆ’, ಇಷ್ಟಕ್ಕೆ ಮಾತ್ರ. ಹಿಂಬರಹ ಕೈಗೆ ಬಂದ ದಿನದಿಂದ ನಿಮ್ಮ ಮುಂದಿನ ಹೆಜ್ಜೆಗೆ ಆಧಾರ ಸಿಗುತ್ತದೆ. ಅದಿಲ್ಲದೆ ಎಷ್ಟು ವರ್ಷ ಓಡಾಡಿದರೂ ನೀವು ಕೇಳಿದ್ದಕ್ಕೂ ಅವರು ಇಲ್ಲವೆಂದದ್ದಕ್ಕೂ ದಾಖಲೆ ಇರುವುದಿಲ್ಲ.

ಜೊತೆಗೇ ಎರಡು ದಾಖಲೆ ತೆಗೆಸಿ. ಒಂದು, ಮಂಜೂರಾದ ಬಡಾವಣೆ ನಕ್ಷೆ ಮತ್ತು ಅದರ ಷರತ್ತುಗಳ ಪ್ರತಿ. ಇದು ಯೋಜನಾ ಪ್ರಾಧಿಕಾರದಲ್ಲಿ, ಇಲ್ಲವೇ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ಸಿಗುತ್ತದೆ. ರಸ್ತೆಯ ಅಗಲ ಎಷ್ಟು, ಚರಂಡಿ ಯಾರು ಕಟ್ಟಬೇಕು, ಉದ್ಯಾನಕ್ಕೆ ಬಿಟ್ಟ ಜಾಗ ಯಾವುದು, ಕೆಲಸ ಮುಗಿಯುವವರೆಗೆ ಎಷ್ಟು ನಿವೇಶನ ತಡೆಹಿಡಿಯಲಾಗಿದೆ ಎಂಬುದೆಲ್ಲ ಅದರಲ್ಲಿರುತ್ತದೆ. ಮಾಲೀಕ ಕೆಲಸ ಪೂರೈಸದಿದ್ದರೆ ಒತ್ತಡ ತರುವ ಹಿಡಿ ಈ ತಡೆಹಿಡಿದ ನಿವೇಶನಗಳೇ. ಅವನ್ನು ಕೆಲಸ ಮುಗಿಯುವ ಮೊದಲೇ ಬಿಡುಗಡೆ ಮಾಡಿದ್ದರೆ, ಯಾರ ಸಹಿಯಲ್ಲಿ, ಯಾವ ವರದಿ ಆಧರಿಸಿ ಬಿಡುಗಡೆಯಾಯಿತು ಎಂದು ಕೇಳುವ ಹಕ್ಕು ನಿಮಗಿದೆ. ನನ್ನ ಅನುಭವದಲ್ಲಿ, ಈ ಒಂದು ಪ್ರಶ್ನೆ ಕೇಳಿದ ಮೇಲೆ ಕಡತಗಳು ಚುರುಕಾಗುತ್ತವೆ.

ಇನ್ನೊಂದು, ಪಾರ್ಕಿನ ಜಾಗದ ದಾಖಲೆ. ಜಲ್ಲಿ, ಮರಳು ಸುರಿಯುತ್ತಿದ್ದಾರೆ ಎಂದು ನೀವು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ. ನನಗೆ ರಸ್ತೆಗಿಂತ ಹೆಚ್ಚು ಆತಂಕ ತಂದದ್ದು ಅದೇ. ರಸ್ತೆ ಈ ವರ್ಷ ಆಗದಿದ್ದರೆ ಮುಂದಿನ ವರ್ಷ ಆದೀತು, ಕೈತಪ್ಪಿದ ಪಾರ್ಕ್ ತಿರುಗಿ ಬರುವುದು ಬಹಳ ಕಷ್ಟ. ಉದ್ಯಾನ, ರಸ್ತೆ, ನಾಗರಿಕ ಸೌಲಭ್ಯಕ್ಕೆ ಬಿಟ್ಟ ಜಾಗಗಳನ್ನು ಮಾಲೀಕರು ಬರಹದ ಮೂಲಕ ಪ್ರಾಧಿಕಾರಕ್ಕೆ ಅಥವಾ ಪುರಸಭೆಗೆ ಬಿಟ್ಟುಕೊಡಬೇಕು, ಅದು ನೋಂದಣಿಯಾಗಬೇಕು. ಎಷ್ಟೋ ಕಡೆ ನಕ್ಷೆಯಲ್ಲಿ ಹಸಿರು ಬಣ್ಣ ಬಳಿದಿರುತ್ತದೆ, ಆದರೆ ಜಾಗ ಮಾತ್ರ ಹಳೆಯ ಮಾಲೀಕರ ಹೆಸರಿನಲ್ಲೇ ಉಳಿದಿರುತ್ತದೆ. ಹತ್ತು ಹದಿನೈದು ವರ್ಷದ ಮೇಲೆ ಅವರ ಮಕ್ಕಳು ಅದನ್ನು ನಿವೇಶನ ಮಾಡಿ ಮಾರುತ್ತಾರೆ, ಕೊಂಡವರು ಅಮಾಯಕರಾಗಿ ಪಾಯ ತೋಡುತ್ತಾರೆ, ಆಮೇಲೆ ವ್ಯಾಜ್ಯ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಆ ಸರ್ವೆ ನಂಬರಿನ ಋಣಭಾರ ಪತ್ರ (ಇ.ಸಿ.) ತೆಗೆದು ನೋಡಿ. ಜಾಗ ಪುರಸಭೆಗೆ ಬಂದಿಲ್ಲವಾದರೆ ಮೊದಲ ಅರ್ಜಿ ರಸ್ತೆಗಲ್ಲ, ಇದಕ್ಕೆ ಕೊಡಿ. ಬಂದಿದ್ದರೆ, ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣೆಗೆಂದೇ ಕರ್ನಾಟಕದಲ್ಲಿ 1985ರ ಕಾಯ್ದೆಯಿದೆ. ಅದನ್ನು ಉಲ್ಲೇಖಿಸಿ ಒತ್ತುವರಿ ತೆರವು ಮತ್ತು ತಂತಿಬೇಲಿಗೆ ಬರೆಯಿರಿ. ಬೇಲಿಗೆ ದೊಡ್ಡ ಮೊತ್ತ ಬೇಡ, ಪುರಸಭೆಯ ಸ್ವಂತ ನಿಧಿಯಲ್ಲೇ ಆಗುವ ಕೆಲಸ ಅದು.

ನಿಮ್ಮದು ಮೂರನೆಯ ಬಗೆ ಎಂದು ತಿಳಿದುಬಂದರೆ ದಾರಿ ಉದ್ದ. 2025ರಲ್ಲಿ ಸರ್ಕಾರ ಇಂಥ ಆಸ್ತಿಗಳಿಗೆ ಬಿ-ಖಾತೆ ಕೊಡುವ ಆಂದೋಲನ ಶುರುಮಾಡಿತು. 2024ರ ಸೆಪ್ಟೆಂಬರ್ 10ಕ್ಕೆ ಮೊದಲು ನೋಂದಣಿಯಾದ ಆಸ್ತಿಗಳಿಗೆ ಅದು ಅನ್ವಯ. ಬಿ-ಖಾತೆ ಸಿಕ್ಕಿತೆಂದರೆ ಬಡಾವಣೆ ಸಕ್ರಮವಾಯಿತು ಎಂದಲ್ಲ. ತೆರಿಗೆಯ ದಾಖಲೆಯೊಳಗೆ ನೀವು ಬಂದಿರಿ ಎಂದಷ್ಟೇ. ಆದರೂ ತೆಗೆದುಕೊಳ್ಳಿ. ದಾಖಲೆಯಲ್ಲೇ ಇಲ್ಲದವರಿಗೆ ಕೇಳುವ ನೆಲೆಯೇ ಇರುವುದಿಲ್ಲ.

ಈಗ ನಿಮಗೆ ಖಂಡಿತ ಎದುರಾಗುವ ಒಂದು ಮಾತಿಗೆ ಬರುತ್ತೇನೆ. ‘ಸೌಕರ್ಯ ಇಲ್ಲವೆಂದು ಗೊತ್ತಿದ್ದೂ ಕಡಿಮೆ ಬೆಲೆಗೆ ಸೈಟು ತೆಗೆದುಕೊಂಡಿರಿ, ಈಗ ನಮ್ಮನ್ನು ಕೇಳಿದರೆ ಹೇಗೆ?’ ಈ ಮಾತಿಗೆ ಬಡಾವಣೆಯವರು ತಲೆತಗ್ಗಿಸಿ ಬರುವುದನ್ನು ನಾನು ನೋಡಿದ್ದೇನೆ. ತಲೆತಗ್ಗಿಸಬೇಕಾಗಿಲ್ಲ. ಮಧ್ಯಪ್ರದೇಶದ ರತ್ಲಾಮ್ ಎಂಬ ಊರಿನ ಪುರಸಭೆ ಇದೇ ಮಾತನ್ನು ನ್ಯಾಯಾಲಯದಲ್ಲಿ ಹೇಳಿತ್ತು. ಅಲ್ಲಿನ ಒಂದು ವಾರ್ಡಿನ ನಿವಾಸಿಗಳು ತೆರೆದ ಚರಂಡಿ, ಬೀದಿಯ ಹೊಲಸು, ಮದ್ಯಸಾರ ಕಾರ್ಖಾನೆಯಿಂದ ಹರಿದುಬರುವ ನಾರುವ ನೀರು ತಾಳಲಾರದೆ ಉಪವಿಭಾಗದ ಮ್ಯಾಜಿಸ್ಟ್ರೇಟರ ಮುಂದೆ ಹೋದರು. ಪುರಸಭೆ ಎರಡು ವಾದ ಹೂಡಿತು: ಅಲ್ಲಿನ ಸ್ಥಿತಿ ಗೊತ್ತಿದ್ದೇ ಇವರು ಮನೆ ಮಾಡಿಕೊಂಡಿದ್ದಾರೆ, ಮತ್ತು ನಮ್ಮಲ್ಲಿ ಹಣವಿಲ್ಲ. ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 1980ರ ಜುಲೈನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಬರೆದ ತೀರ್ಪು ಎರಡೂ ವಾದಗಳನ್ನು ತಳ್ಳಿಹಾಕಿತು. ಚರಂಡಿ, ನೈರ್ಮಲ್ಯದಂಥ ಮೂಲ ಕರ್ತವ್ಯಕ್ಕೆ ಹಣವಿಲ್ಲವೆಂಬ ನೆಪ ಸಲ್ಲದು ಎಂದು ಹೇಳಿ, ಕಾಲಮಿತಿಯೊಳಗೆ ಕೆಲಸ ಮಾಡುವಂತೆ ಆದೇಶಿಸಿತು.

ಆ ನಿವಾಸಿಗಳು ಬಳಸಿದ್ದು ದಂಡ ಪ್ರಕ್ರಿಯಾ ಸಂಹಿತೆಯ 133ನೇ ಕಲಂ, ಸಾರ್ವಜನಿಕ ಉಪದ್ರವ ನಿವಾರಣೆಯದ್ದು. 2024ರ ಜುಲೈ 1ರಿಂದ ಅದೇ ಅಧಿಕಾರ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಲ್ಲಿದೆ. ನಮ್ಮಲ್ಲಿ ಈ ಅರ್ಜಿಯನ್ನು ಉಪವಿಭಾಗಾಧಿಕಾರಿಗಳ ಮುಂದೆ, ಅಂದರೆ ಎ.ಸಿ. ಕಚೇರಿಯಲ್ಲಿ, ಹಾಕಬಹುದು. ಬಚ್ಚಲ ನೀರು ಬೀದಿಯಲ್ಲಿ ನಿಂತು ಸೊಳ್ಳೆ, ಡೆಂಗಿ ಹರಡುತ್ತಿದ್ದರೆ ಇದು ನಿಮಗೂ ಒದಗುವ ದಾರಿ. ಮಣ್ಣು ರಸ್ತೆಗೆ ಡಾಂಬರು ಹಾಕಿಸಲು ಇದು ಬರುವುದಿಲ್ಲ, ನಿಂತ ಕೊಳಚೆಗೆ ಬರುತ್ತದೆ. ಹಾಗಾಗಿ ರಸ್ತೆ ಮತ್ತು ಚರಂಡಿಯನ್ನು ಬೇರೆ ಬೇರೆ ಕೇಳಿ, ಚರಂಡಿಯನ್ನು ಮೊದಲು ಕೇಳಿ. ಚರಂಡಿಯಿಲ್ಲದೆ ಹಾಕಿದ ರಸ್ತೆ ಎರಡು ಮಳೆಗಾಲ ತಡೆಯುವುದಿಲ್ಲ ಎಂಬುದು ನಿಮಗೂ ಗೊತ್ತು.

ಇನ್ನು ದುಡ್ಡಿನ ಮಾತು.

‘ಅನುದಾನ ಇಲ್ಲ’ ಎಂಬುದು ಪೂರ್ತಿ ಸುಳ್ಳಲ್ಲ, ಪೂರ್ತಿ ಉತ್ತರವೂ ಅಲ್ಲ. ಪುರಸಭೆಯ ಹಣ ಒಂದೇ ಪೆಟ್ಟಿಗೆಯಲ್ಲಿ ಇರುವುದಿಲ್ಲ. ಆಸ್ತಿ ತೆರಿಗೆ, ನೀರಿನ ಕರ, ಮಳಿಗೆ ಬಾಡಿಗೆ, ಪರವಾನಗಿ ಶುಲ್ಕ ಇವು ಸ್ವಂತ ನಿಧಿ. ರಾಜ್ಯ ಹಣಕಾಸು ಆಯೋಗದ ಲೆಕ್ಕದಲ್ಲಿ ಬರುವುದು ಎಸ್‌ಎಫ್‌ಸಿ: ಅದರಲ್ಲಿ ಸಂಬಳಕ್ಕೆ, ಕರೆಂಟ್ ಬಿಲ್ಲಿಗೆ ಬೇರೆ ಬೇರೆ ತೆಗೆದಿಟ್ಟು, ಉಳಿದದ್ದು ಮುಕ್ತನಿಧಿ. ಕೇಂದ್ರ ಹಣಕಾಸು ಆಯೋಗದ್ದು ಇನ್ನೊಂದು. 2021ರಿಂದ 2026ರ ಅವಧಿಗೆ 15ನೇ ಆಯೋಗ ನಿಮ್ಮಂಥ ಸಣ್ಣ ಊರುಗಳಿಗೆ ಕೊಟ್ಟ ಮೂಲ ಅನುದಾನದಲ್ಲಿ ಶೇ 60 ಷರತ್ತಿನದು, ಅರ್ಧ ಕುಡಿಯುವ ನೀರಿಗೆ, ಅರ್ಧ ನೈರ್ಮಲ್ಯ ಮತ್ತು ಕಸಕ್ಕೆ. ಶೇ 40 ಮಾತ್ರ ಊರಿನ ಅಗತ್ಯಕ್ಕೆ ತಕ್ಕಂತೆ. ಇವುಗಳ ಮೇಲೆ ನಗರೋತ್ಥಾನದಂಥ ರಾಜ್ಯ ಯೋಜನೆಗಳು. ಅವುಗಳ ಟೆಂಡರು ಜಿಲ್ಲಾಧಿಕಾರಿ ಕಚೇರಿಯ ನಗರಾಭಿವೃದ್ಧಿ ಕೋಶದ ಮೂಲಕ ನಡೆಯುತ್ತದೆ. ಶಾಸಕರ ನಿಧಿ ಬೇರೆ. ಜೊತೆಗೆ ಪುರಸಭೆಯ ನಿಧಿ ಮತ್ತು ಮುಕ್ತನಿಧಿಯಲ್ಲಿ ಶೇ 24.10 ಪರಿಶಿಷ್ಟರಿಗೆ, ಶೇ 7.25 ಇತರ ಬಡವರಿಗೆ, ಶೇ 5 ಅಂಗವಿಕಲರಿಗೆ ಮೀಸಲು. ಈ ಹಣವನ್ನು ಬೇರೆಡೆಗೆ ತಿರುಗಿಸುವಂತಿಲ್ಲ, ತಿರುಗಿಸಲೂಬಾರದು. ಆದ್ದರಿಂದ ‘ಅನುದಾನ ಇಲ್ಲ’ ಎಂದವರನ್ನು ಕೇಳಬೇಕಾದ್ದು ಒಂದೇ: ಯಾವ ಲೆಕ್ಕಶೀರ್ಷಿಕೆಯಲ್ಲಿ ಇಲ್ಲ? ಚರಂಡಿಗೆ ಒಂದು ಕಡೆ ಇಲ್ಲದಿದ್ದರೆ ಇನ್ನೊಂದು ಕಡೆ ಇರಬಹುದು.

ಮುಖ್ಯರಸ್ತೆಯ ವಿಚಾರದಲ್ಲಿ ನೀವು ಪುರಸಭೆಯನ್ನು ದೂರುವ ಮುನ್ನ ಆ ರಸ್ತೆ ಯಾರದೆಂದು ನೋಡಿ. ತಾಲ್ಲೂಕು ಕೇಂದ್ರದ ಮುಖ್ಯರಸ್ತೆ ಬಹುಮಟ್ಟಿಗೆ ರಾಜ್ಯ ಹೆದ್ದಾರಿಯೋ ರಾಷ್ಟ್ರೀಯ ಹೆದ್ದಾರಿಯೋ ಆಗಿರುತ್ತದೆ. ಡಿವೈಡರ್, ದೀಪ ಲೋಕೋಪಯೋಗಿ ಇಲಾಖೆಯ ಹಣದಲ್ಲಿ ಆಗಿದ್ದರೆ ಆ ಹಣ ನಿಮ್ಮ ಬಡಾವಣೆಗೆ ಬರುವುದೇ ಇರಲಿಲ್ಲ. ಸಭೆಯಲ್ಲಿ ಈ ಹೋಲಿಕೆ ಎತ್ತಿದರೆ ಅಧಿಕಾರಿಗಳು ಒಂದೇ ಮಾತಿನಲ್ಲಿ ನಿಮ್ಮ ಬಾಯಿ ಮುಚ್ಚಿಸುತ್ತಾರೆ, ನಿಮ್ಮ ಉಳಿದ ನ್ಯಾಯವಾದ ಮಾತೂ ಅದರೊಂದಿಗೆ ಬಿದ್ದುಹೋಗುತ್ತದೆ.

ಪುರಭವನದ ಮಾತು ಹಾಗಲ್ಲ. ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 87ನೇ ಕಲಂ ಪುರಸಭೆಯ ಕಡ್ಡಾಯ ಕರ್ತವ್ಯಗಳನ್ನು ಹೇಳುತ್ತದೆ. ಬೀದಿದೀಪ, ಬೀದಿ ಗುಡಿಸುವುದು, ಚರಂಡಿ, ನೀರು ಬರುವುದು ಅಲ್ಲಿ. 91ನೇ ಕಲಮಿನಲ್ಲಿರುವುದು ವಿವೇಚನೆಗೆ ಬಿಟ್ಟ ಕೆಲಸಗಳು. ಸಭಾಭವನದಂಥವು ಆ ಸಾಲಿಗೆ ಸೇರುತ್ತವೆ. ಸ್ವಂತ ನಿಧಿಯಿಂದ ಭವನಕ್ಕೆ ಹಣ ಹಾಕುತ್ತಿದ್ದರೆ, ಕಡ್ಡಾಯದ್ದು ಬಾಕಿಯಿರುವಾಗ ವಿವೇಚನೆಯದ್ದು ಮೊದಲು ಯಾಕಾಯಿತು ಎಂದು ಕೇಳುವುದು ಪೂರ್ತಿ ನ್ಯಾಯ. ಊರಿಗೆ ಭವನ ಬೇಡವೆಂದು ನಾನು ಹೇಳುತ್ತಿಲ್ಲ. ಬಡವರ ಮದುವೆಗೆ, ನಾಟಕಕ್ಕೆ, ಸಭೆಗೆ ಜಾಗ ಬೇಕು. ಆದರೆ ಮನೆ ಮುಂದೆ ಕೊಳಚೆ ನಿಂತ ಮಕ್ಕಳ ಪಾಲಿನ ಹಣಕ್ಕಿಂತ ಅದು ಮುಂದೆ ಬರಬಾರದು.

ಇಷ್ಟೆಲ್ಲ ತಿಳಿದರೂ ಕಾಲ ತಪ್ಪಿದರೆ ಉಪಯೋಗವಿಲ್ಲ. ನಾನು ಈ ಉತ್ತರದಲ್ಲಿ ನಿಮಗೆ ಮುಖ್ಯವಾಗಿ ಹೇಳಬೇಕೆಂದಿರುವುದು ಇದನ್ನೇ. ಜನ ಅರ್ಜಿ ಕೊಡುವುದು ಮಳೆ ಬಂದು ರಸ್ತೆ ಕೆಸರಾದಾಗ, ಜುಲೈ–ಆಗಸ್ಟಿನಲ್ಲಿ. ಆ ಹೊತ್ತಿಗೆ ಆ ವರ್ಷದ ಹಣ ಎಲ್ಲಿಗೆಂದು ಬಹುಪಾಲು ತೀರ್ಮಾನವಾಗಿರುತ್ತದೆ. ತೀರ್ಮಾನವಾಗುವುದು ಎರಡು ಕಡೆ: ಬಜೆಟ್‌ನಲ್ಲಿ ಮತ್ತು ಕ್ರಿಯಾಯೋಜನೆಯಲ್ಲಿ. ಬಜೆಟ್‌ಗೆ ಮೊದಲು, ಸಾಮಾನ್ಯವಾಗಿ ಡಿಸೆಂಬರಿನಿಂದ ಫೆಬ್ರುವರಿಯೊಳಗೆ, ಪುರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೆಯುತ್ತವೆ, ಸಾರ್ವಜನಿಕರ ಸಲಹೆಗೆಂದೇ. ಆ ಸಭೆಗೆ ಬರುವವರು ವರ್ತಕರ ಸಂಘದವರು, ಒಂದಿಬ್ಬರು ಪತ್ರಕರ್ತರು, ಹಳೆಯ ಸದಸ್ಯರು. ಖಾಲಿ ಕುರ್ಚಿಗಳೇ ಹೆಚ್ಚು. ಅಲ್ಲಿ ಇಪ್ಪತ್ತು ಜನ ಹೋಗಿ, ಬರೆದ ಬೇಡಿಕೆ ಕೊಟ್ಟು, ನಡವಳಿಯಲ್ಲಿ ದಾಖಲಿಸಿ ಎಂದರೆ ಅದಕ್ಕೆ ತೂಕವಿದೆ. ಮಾರನೆಯ ದಿನ ಪತ್ರಿಕೆಯಲ್ಲಿ ‘ಇಷ್ಟು ಲಕ್ಷ ಉಳಿತಾಯ ಬಜೆಟ್’ ಎಂಬ ತಲೆಬರಹ ಬಂದರೆ ಅದನ್ನು ನೋಡಿ ಹಿಗ್ಗಬೇಡಿ. ಆರಂಭಿಕ ಶಿಲ್ಕಿನ ಜೊತೆ ಇನ್ನೂ ಬಾರದ ಅನುದಾನವನ್ನೂ ಆದಾಯವೆಂದು ಕೂಡಿಸಿ ಉಳಿತಾಯ ತೋರಿಸುವುದುಂಟು. ಹಿಂದಿನ ವರ್ಷದ ಬಜೆಟ್‌ನಲ್ಲಿ ರಸ್ತೆ, ಚರಂಡಿಗೆ ಇಟ್ಟದ್ದೆಷ್ಟು, ನಿಜವಾಗಿ ಖರ್ಚಾದದ್ದೆಷ್ಟು ಎಂಬ ಎರಡು ಅಂಕಣ ನೋಡಿ. ಊರಿನ ಸತ್ಯ ಅಲ್ಲಿ ಸಿಗುತ್ತದೆ.

ಕ್ರಿಯಾಯೋಜನೆ ಅದಕ್ಕಿಂತ ಮುಖ್ಯ. ಯಾವುದೋ ಅನುದಾನದಲ್ಲಿ ನಿಮ್ಮ ಊರಿಗೆ ಇಷ್ಟು ಎಂದು ಪೌರಾಡಳಿತ ನಿರ್ದೇಶನಾಲಯದಿಂದ ಪತ್ರ ಬರುತ್ತದೆ. ಆಗ ಪುರಸಭೆ ಕಾಮಗಾರಿಗಳ ಪಟ್ಟಿ ಮಾಡಿ, ಸಾಮಾನ್ಯ ಸಭೆಯಲ್ಲಿ ಒಪ್ಪಿಗೆ ಪಡೆದು, ಜಿಲ್ಲಾಧಿಕಾರಿಗಳ ಅನುಮೋದನೆಗೆ ಕಳಿಸುತ್ತದೆ. ಅನುಮೋದನೆ ಬಂದ ಮೇಲೆ ಅಂದಾಜುಪಟ್ಟಿ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ. ನಿಮ್ಮ ಚರಂಡಿ ಆ ಮೊದಲ ಪಟ್ಟಿಯಲ್ಲಿ ಇಲ್ಲದಿದ್ದರೆ ಮುಂದೆ ಯಾರ ಕೈಕಾಲು ಹಿಡಿದರೂ ಆ ವರ್ಷ ಆಗದು. ಪಟ್ಟಿಯಾಗುವ ದಿನಗಳಲ್ಲಿ ಹೆಚ್ಚಿನ ಊರುಗಳಲ್ಲಿ ನಡೆಯುವುದೇನು? ಬಂದ ಹಣವನ್ನು ವಾರ್ಡಿಗಿಷ್ಟು ಎಂದು ಹೆಚ್ಚುಕಡಿಮೆ ಸಮನಾಗಿ ಹಂಚಿಕೊಂಡು, ಪ್ರತಿ ಸದಸ್ಯರೂ ತಮ್ಮ ವಾರ್ಡಿನ ಒಂದೆರಡು ಕೆಲಸ ಬರೆಸುತ್ತಾರೆ. ಸಮಾನ ಹಂಚಿಕೆ ಎಂದು ಕೇಳಲು ಚೆನ್ನಾಗಿದೆ. ಆದರೆ ಪೇಟೆಬೀದಿಯ ಮುಗಿದ ವಾರ್ಡಿಗೂ ಏನೂ ಇಲ್ಲದ ಹೊಸ ಬಡಾವಣೆಯ ವಾರ್ಡಿಗೂ ಒಂದೇ ಮೊತ್ತ ಕೊಟ್ಟರೆ, ಅಲ್ಲಿ ಇದ್ದ ಸಿಮೆಂಟು ರಸ್ತೆಯ ಮೇಲೆ ಮತ್ತೆ ಸಿಮೆಂಟು ಬೀಳುತ್ತದೆ, ಇಲ್ಲಿ ನೂರು ಮೀಟರ್ ಚರಂಡಿಗೂ ಸಾಲುವುದಿಲ್ಲ. ಇದನ್ನು ನಾನು ಅನ್ಯಾಯ ಎಂದೇ ಕರೆಯುತ್ತೇನೆ. ನೂರು ಮೀಟರ್, ನೂರು ಮೀಟರ್ ಎಂದು ತುಂಡು ತುಂಡಾಗಿ ಕಟ್ಟಿದ ಚರಂಡಿಯ ನೀರು ಕೊನೆಗೆ ಯಾರದೋ ಖಾಲಿ ಸೈಟಿನಲ್ಲಿ ನಿಲ್ಲುತ್ತದೆ. ನೀರು ಕೊನೆಗೆ ಯಾವ ಹಳ್ಳಕ್ಕೆ, ಯಾವ ರಾಜಕಾಲುವೆಗೆ ಸೇರಬೇಕೆಂದು ನೋಡದೆ ಮಾಡಿದ ಅಂದಾಜುಪಟ್ಟಿಯನ್ನು ನೀವೇ ಒಪ್ಪಬೇಡಿ.

ಇನ್ನೊಂದು ತೊಡಕು ಯಾರ ಕಣ್ಣಿಗೂ ಬೀಳದು. ವಾರ್ಡು ವಿಂಗಡಣೆಯಿಂದ ಅನುದಾನ ಹಂಚಿಕೆಯವರೆಗೆ ಲೆಕ್ಕಕ್ಕೆ ಹಿಡಿದಿರುವುದು 2011ರ ಜನಗಣತಿ. 2021ರಲ್ಲಿ ಆಗಬೇಕಿದ್ದ ಗಣತಿ 2027ಕ್ಕೆ ಬಂದು ನಿಂತಿದೆ. 2011ರಲ್ಲಿ ನಿಮ್ಮ ಬಡಾವಣೆ ಹೊಲವಾಗಿತ್ತು. ಆ ಲೆಕ್ಕದ ಪ್ರಕಾರ ಅಲ್ಲಿ ಜನರೇ ಇಲ್ಲ. ಈಗಿನ ಗಣತಿಯಲ್ಲಿ ಒಂದು ಮನೆಯೂ ಬಿಟ್ಟುಹೋಗದಂತೆ ನೋಡಿಕೊಳ್ಳುವುದು ನಿಮ್ಮ ಸಂಘದ ಕೆಲಸವಾಗಲಿ. ಮುಂದಿನ ಹಲವು ವರ್ಷದ ಹಣ ಆ ಎಣಿಕೆಯ ಮೇಲೆ ನಿಂತಿದೆ.

ಪುರಸಭೆಯಲ್ಲಿ ಈಗ ಚುನಾಯಿತ ಮಂಡಳಿ ಇದೆಯೋ, ಆಡಳಿತಾಧಿಕಾರಿ ಇದ್ದಾರೋ ನೀವು ಬರೆದಿಲ್ಲ. 2018ರಲ್ಲಿ ಚುನಾವಣೆಯಾದ ಅನೇಕ ಪುರಸಭೆ, ನಗರಸಭೆಗಳಲ್ಲಿ ಅಧ್ಯಕ್ಷ–ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವ್ಯಾಜ್ಯದಿಂದಾಗಿ 2020ರ ಕೊನೆಯವರೆಗೆ ಅಧ್ಯಕ್ಷರೇ ಇರಲಿಲ್ಲ, ಗೆದ್ದವರು ಸದಸ್ಯರೆನಿಸಿಕೊಂಡು ಮನೆಯಲ್ಲಿ ಕೂತರು. ಅವಧಿ ಮುಗಿಯುವ ಮುನ್ನವೇ ಚುನಾವಣೆ ಮುಗಿಸಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳಿದರೂ ಇದು ಮತ್ತೆ ಮತ್ತೆ ನಡೆಯುತ್ತಿದೆ. ಆಡಳಿತಾಧಿಕಾರಿ ಇರುವ ಊರಿನಲ್ಲಿ ಕ್ರಿಯಾಯೋಜನೆಗೆ ಅವರೇ ಒಪ್ಪಿಗೆ ಕೊಡುತ್ತಾರೆ. ಹಾಗಿದ್ದರೆ ನಿಮ್ಮ ಮನವಿ ಅವರ ಹೆಸರಿಗೂ ಹೋಗಲಿ. ಸದಸ್ಯರ ನಡುವಿನ ಹಂಚಿಕೆಯ ಜಗ್ಗಾಟ ಇಲ್ಲದಿರುವುದರಿಂದ, ಗಟ್ಟಿಯಾದ ದಾಖಲೆ ಇಟ್ಟುಕೊಂಡು ಹೋದ ಬಡಾವಣೆಗೆ ಇಂಥ ಕಾಲದಲ್ಲಿ ಕೆಲಸ ಆಗುವುದೂ ಉಂಟು. ಹಾಗೆಂದು ಚುನಾಯಿತ ಮಂಡಳಿ ಇಲ್ಲದಿರುವುದೇ ವಾಸಿ ಎಂಬ ಮಾತಿಗೆ ನನ್ನ ಒಪ್ಪಿಗೆಯಿಲ್ಲ. ಬೀದಿಯಲ್ಲಿ ನಿಲ್ಲಿಸಿ ಕೇಳಬಹುದಾದ ಒಬ್ಬ ಸದಸ್ಯ ಊರಿಗೆ ಬೇಕೇ ಬೇಕು.

ನೀರಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್, ಇಲ್ಲದ ಊರಿಗೆ 70 ಲೀಟರ್ ಎಂಬುದು ಯೋಜನೆ ರೂಪಿಸುವಾಗ ಹಿಡಿಯುವ ಮಾನದಂಡ. ಮೂಲದಿಂದ ದೊಡ್ಡ ಕೊಳವೆ, ಶುದ್ಧೀಕರಣ ಘಟಕ ಮಾಡುವುದು ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ದಿನನಿತ್ಯ ಬಿಡುವುದು ಪುರಸಭೆ. ಊರಿಗೆಲ್ಲ ಎಂಟು ದಿನಕ್ಕೊಮ್ಮೆಯೋ, ನಿಮಗೆ ಮಾತ್ರವೋ ಎಂಬುದನ್ನು ಮೊದಲು ತಿಳಿಯಿರಿ. ಊರಿಗೆಲ್ಲ ಹಾಗೇ ಇದ್ದರೆ ಅದು ಮೂಲದ ಕೊರತೆ. 2021ರಲ್ಲಿ ಶುರುವಾದ ಕೇಂದ್ರದ ಅಮೃತ್ 2.0 ನೀರಿನ ಯೋಜನೆಯಲ್ಲಿ ನಿಮ್ಮ ಊರಿನ ಕಾಮಗಾರಿ ಎಲ್ಲಿಗೆ ಬಂದಿದೆ, ಅದರ ನಕ್ಷೆಯಲ್ಲಿ ನಿಮ್ಮ ಬಡಾವಣೆ ಸೇರಿದೆಯೇ ಎಂದು ಕೇಳಿ. ಸೇರಿಲ್ಲವಾದರೆ ಕೊಳವೆ ಹೂಳುವ ಮೊದಲೇ ಸೇರಿಸಲು ಒತ್ತಾಯಿಸಿ. ನಿಮಗೆ ಮಾತ್ರ ಹಾಗಿದ್ದರೆ ಮೇಲ್ಮಟ್ಟದ ತೊಟ್ಟಿ, ವಾಲ್ವು, ಸರದಿಯ ವಿಷಯ. ಅದನ್ನು ಪುರಸಭೆಯ ಕಿರಿಯ ಎಂಜಿನಿಯರ್ (ಜೆ.ಇ.) ಮತ್ತು ವಾಲ್ವ್‌ಮನ್ ಜೊತೆ ನಿಂತು ಬಗೆಹರಿಸಬಹುದು.

ಕಂದಾಯ ನಿಲ್ಲಿಸೋಣ ಎನ್ನುವವರಿಗೆ ಬೇಡವೆನ್ನಿ. ಜೂನ್ ದಾಟಿದರೆ ತಿಂಗಳಿಗೆ ಶೇ 2 ದಂಡ ಬೀಳುವುದು ಒಂದು ಕಾರಣವಷ್ಟೇ. ತೆರಿಗೆ ವಸೂಲಿ ಏರದಿದ್ದರೆ ಪಟ್ಟಣಗಳ ಅನುದಾನವನ್ನೇ ತಡೆಯುವ ಷರತ್ತನ್ನು 15ನೇ ಹಣಕಾಸು ಆಯೋಗ ಹಾಕಿತ್ತು. ಅದಕ್ಕಿಂತ ದೊಡ್ಡದು, ‘ಬಾಕಿದಾರರು’ ಎಂಬ ಒಂದು ಮಾತು ನಿಮ್ಮ ಎಲ್ಲ ಅರ್ಜಿಗಳಿಗೂ ಉತ್ತರವಾಗಿಬಿಡುತ್ತದೆ. ಬದಲಿಗೆ ನೂರೈವತ್ತು ಮನೆಯವರೂ ಏಪ್ರಿಲ್‌ನಲ್ಲೇ ಶೇ 5 ರಿಯಾಯಿತಿಯಲ್ಲಿ ಕಟ್ಟಿ, ಎಲ್ಲರ ರಶೀದಿ ಸೇರಿಸಿ ಒಟ್ಟು ಮೊತ್ತ ಲೆಕ್ಕ ಹಾಕಿ. ‘ಈ ಬಡಾವಣೆ ಮೂರು ವರ್ಷದಲ್ಲಿ ಇಷ್ಟು ಕಂದಾಯ ಕೊಟ್ಟಿದೆ, ಇಷ್ಟು ವೆಚ್ಚ ಮಾಡಿಸಿಕೊಂಡಿದೆ’ ಎಂಬ ಎರಡು ಅಂಕಿ ಸಭೆಯಲ್ಲಿ ಘೋಷಣೆಗಿಂತ ಗಟ್ಟಿಯಾಗಿ ಕೇಳಿಸುತ್ತವೆ. ಹಾಗೆಯೇ ಪುರಸಭೆಯ ಮಳಿಗೆಗಳ ಬಾಡಿಗೆ ಬಾಕಿ ಎಷ್ಟು, 12 ವರ್ಷದ ಅವಧಿ ಮೀರಿಯೂ ಮರುಹರಾಜಾಗದ ಮಳಿಗೆ ಎಷ್ಟು ಎಂದೂ ಕೇಳಿ. ಬಸ್ ನಿಲ್ದಾಣದ ಎದುರಿನ ಮಳಿಗೆ ದಶಕಗಳ ಹಿಂದಿನ ಬಾಡಿಗೆಗೆ ಒಬ್ಬರ ಕೈಯಲ್ಲಿದ್ದು, ಅವರು ಅದನ್ನು ಮತ್ತೊಬ್ಬರಿಗೆ ಹತ್ತುಪಟ್ಟಿಗೆ ಕೊಟ್ಟಿರುವ ಊರಿನಲ್ಲಿ ‘ಹಣವಿಲ್ಲ’ ಎಂಬ ಮಾತನ್ನು ಯಾರೂ ಒಪ್ಪಬಾರದು.

ಮತದಾನ ಬಹಿಷ್ಕಾರ ಅದಕ್ಕಿಂತ ಕೆಟ್ಟ ಯೋಚನೆ. 35 ಸಾವಿರ ಜನರಿಗೆ 23 ವಾರ್ಡು ಎಂದರೆ ವಾರ್ಡಿಗೆ ಸರಾಸರಿ 1,500 ಜನ. ಇಂಥ ವಾರ್ಡುಗಳಲ್ಲಿ ಹತ್ತಿಪ್ಪತ್ತು ಮತದಲ್ಲಿ ಸೋಲು ಗೆಲುವು ಆಗುತ್ತದೆ. ನೂರೈವತ್ತು ಮನೆಯೆಂದರೆ ಮುನ್ನೂರು ಮತ; ಗೆಲ್ಲಿಸುವ ಮತ ನಿಮ್ಮದೇ. ಹಾಗಿದ್ದೂ ಸದಸ್ಯರಿಗೆ ನಿಮ್ಮ ದಾಕ್ಷಿಣ್ಯ ಏಕಿಲ್ಲ? ನಿಮ್ಮ ಮನೆಗಳಲ್ಲಿ ಎಷ್ಟು ಜನರ ಹೆಸರು ಆ ವಾರ್ಡಿನ ಪಟ್ಟಿಯಲ್ಲಿದೆ ಎಂದು ಎಣಿಸಿ. ಊರಂಚಿನ ಬಡಾವಣೆಗೆ ಬಂದವರಲ್ಲಿ ಬಹಳ ಮಂದಿ ಸುತ್ತಲ ಹಳ್ಳಿಯವರು, ವರ್ಗವಾಗಿ ಬಂದ ನೌಕರರು. ಮನೆ ಇಲ್ಲಿ, ಮತ ಸ್ವಂತ ಊರಿನಲ್ಲಿ. ಹಳ್ಳಿಯ ಮತ ಬಿಡಲು ಮನಸ್ಸು ಬರುವುದಿಲ್ಲ ಎಂಬುದು ನನಗೆ ಗೊತ್ತು. ಆದರೆ ಎರಡು ಕಡೆ ಇರಲಾಗದು. ಪುರಸಭೆ ಚುನಾವಣೆಯ ಪಟ್ಟಿ ವಿಧಾನಸಭೆಯ ಪಟ್ಟಿಯಿಂದಲೇ ತಯಾರಾಗುತ್ತ ಬಂದಿದೆ. ವಿಳಾಸ ಬದಲಾವಣೆಗೆ ನಮೂನೆ 8, ಹೊಸದಾಗಿ ಸೇರಲು ನಮೂನೆ 6. ಒಂದು ಭಾನುವಾರ ಮನೆಮನೆಗೆ ಹೋಗಿ ಇದನ್ನು ಮುಗಿಸಿ.

ಒಂದು ಕೊರತೆಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳ್ಳಿಯಲ್ಲಿ ಕಾನೂನಿನ ಪ್ರಕಾರ ವಾರ್ಡ್ ಸಭೆ, ಗ್ರಾಮ ಸಭೆ ನಡೆಯಲೇಬೇಕು. ಎದ್ದು ನಿಂತು ಕೇಳುವ ಒಂದು ಜಾಗವಿದೆ. ಪಟ್ಟಣದವರಿಗೆ ಸಂವಿಧಾನ ವಾರ್ಡ್ ಸಮಿತಿ ಕಡ್ಡಾಯ ಮಾಡಿರುವುದು 3 ಲಕ್ಷ ಮತ್ತು ಅದಕ್ಕೂ ಹೆಚ್ಚಿನ ಜನಸಂಖ್ಯೆಯ ಊರಿಗೆ ಮಾತ್ರ. ಗ್ರಾಮ ಪಂಚಾಯಿತಿ ಪಟ್ಟಣ ಪಂಚಾಯಿತಿಯಾದಾಗ ಜನ ಪಟಾಕಿ ಹೊಡೆಯುತ್ತಾರೆ, ಗ್ರಾಮ ಸಭೆ ಹೋಯಿತೆಂದು ಆಗ ಯಾರಿಗೂ ನೆನಪಾಗುವುದಿಲ್ಲ. ಆ ಜಾಗವನ್ನು ನೀವೇ ಕಟ್ಟಿಕೊಳ್ಳಬೇಕು. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಏಳು ಜನ ಸೇರಿದರೆ ನಿವಾಸಿಗಳ ಸಂಘವಾಗುತ್ತದೆ. ಬಾಡಿಗೆದಾರರನ್ನು, ಬಡಾವಣೆಯ ಅಂಚಿನ ಗುಡಿಸಲಿನವರನ್ನು ಬಿಟ್ಟು ಮಾಡಬೇಡಿ. ವರ್ಷಕ್ಕೆರಡು ಸಲ ಸದಸ್ಯರನ್ನೂ ಜೆ.ಇ.ಯವರನ್ನೂ ಬಡಾವಣೆಗೇ ಕರೆದು ಕೂರಿಸಿ.

ಮಾಹಿತಿ ಹಕ್ಕು ಅರ್ಜಿ ಹಾಕುವುದು ನಿಮಗೆ ಗೊತ್ತಿರುತ್ತದೆ: 10 ರೂಪಾಯಿ, 30 ದಿನ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ ಎಂಬ ನಿಯಮವಿದೆ. ಉದ್ದುದ್ದ ಬರೆದು ತಿರಸ್ಕಾರಕ್ಕೆ ಅವಕಾಶ ಕೊಡಬೇಡಿ. ಕೆಲಸ ನಡೆಯುವಾಗ ಅಂದಾಜುಪಟ್ಟಿ ಮತ್ತು ಅಳತೆ ಪುಸ್ತಕದ ಪ್ರತಿ ತರಿಸಿಕೊಂಡರೆ ಚರಂಡಿಯ ಆಳ, ಕಾಂಕ್ರೀಟಿನ ದಪ್ಪ ನೀವೇ ಅಳೆಯಬಹುದು. ಟೆಂಡರುಗಳನ್ನು ರಾಜ್ಯದ ಖರೀದಿ ಪೋರ್ಟಲ್‌ನಲ್ಲಿ ಯಾರು ಬೇಕಾದರೂ ನೋಡಬಹುದು. ನೀರು, ನೈರ್ಮಲ್ಯದ ದೂರಿಗೆ ಕೋರ್ಟ್ ಶುಲ್ಕವಿಲ್ಲದ ಖಾಯಂ ಜನತಾ ನ್ಯಾಯಾಲಯದ ದಾರಿಯೂ ಇದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿದರೆ ತಿಳಿಸುತ್ತಾರೆ.

ಈಗ ಬರೆಯಬೇಕಾದ ಪತ್ರ. ಮೂರು ಅರ್ಜಿ, ಮೂರು ಹಾಳೆ. ಒಂದರಲ್ಲಿ ಹಸ್ತಾಂತರದ ಹಿಂಬರಹ ಮತ್ತು ಉದ್ಯಾನದ ಜಾಗದ ಒತ್ತುವರಿ. ಎರಡನೆಯದರಲ್ಲಿ ಚರಂಡಿ ಮಾತ್ರ: ‘ನಮ್ಮ ಬಡಾವಣೆಯ ಇಂಥ ಅಡ್ಡರಸ್ತೆಯಿಂದ ಇಂಥ ಹಳ್ಳದವರೆಗೆ ಇಷ್ಟು ಮೀಟರ್ ಚರಂಡಿ ಕಾಮಗಾರಿಯನ್ನು ಮುಂದಿನ ಕ್ರಿಯಾಯೋಜನೆಯಲ್ಲಿ ಸೇರಿಸಲು ಮತ್ತು ಈ ಮನವಿಯನ್ನು ಮುಂದಿನ ಸಾಮಾನ್ಯ ಸಭೆಯ ವಿಷಯಪಟ್ಟಿಯಲ್ಲಿ ಮಂಡಿಸಲು ಕೋರುತ್ತೇವೆ.’ ಮೀಟರು ನೀವೇ ಟೇಪು ಹಿಡಿದು ಅಳೆದು ಬರೆಯಿರಿ, ಕೈನಕ್ಷೆ ಲಗತ್ತಿಸಿ. ಮೂರನೆಯದು ನೀರಿನದು. ಪ್ರತಿಯೊಂದಕ್ಕೂ ಸ್ವೀಕೃತಿ ಮುದ್ರೆ ಹಾಕಿಸಿ, ಒಂದೊಂದು ಪ್ರತಿ ವಾರ್ಡ್ ಸದಸ್ಯರಿಗೆ, ಜಿಲ್ಲಾ ನಗರಾಭಿವೃದ್ಧಿ ಕೋಶದ ಯೋಜನಾ ನಿರ್ದೇಶಕರಿಗೆ. ಮೂವತ್ತು ದಿನದಲ್ಲಿ ಉತ್ತರ ಬಾರದಿದ್ದರೆ, ಅದೇ ಮೂರು ಅರ್ಜಿಗಳ ಮೇಲೆ ಏನು ಕ್ರಮವಾಯಿತೆಂದು ಮಾಹಿತಿ ಹಕ್ಕಿನಲ್ಲಿ ಕೇಳಿ. ಹಸ್ತಾಂತರದ ಹಿಂಬರಹ ಬಂದ ಮೇಲೆ ಅದರ ಪ್ರತಿಯನ್ನು ನನಗೂ ಕಳಿಸಿ. ಮಾಲೀಕರ ಮೇಲೆ ಹೋಗಬೇಕೋ, ಪ್ರಾಧಿಕಾರದ ಮೇಲೋ, ಪುರಸಭೆಯ ಮೇಲೋ ಎಂಬುದು ಅದರಲ್ಲಿ ಬರೆದ ಕಾರಣದ ಮೇಲೆ ನಿಂತಿದೆ.